ಅತ್ತೆ ಓದಿದ ದೆವ್ವದ ಕಥೆ

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದೆಲ್ಲ ಬೇರೆ ಯಾರದೋ ಕಥೆ ಅನ್ನಿಸುತ್ತದೆ. ನನ್ನದು ಸಣ್ಣಪುಟ್ಟ ಸಿಟ್ಟಲ್ಲ. ಹಾಲು ಉಕ್ಕಿದರೆ ಹಾಲಿನ ಮೇಲೆ, ಗ್ಯಾಸ್ ತೀರಿದರೆ ಸಿಲಿಂಡರಿನ ಮೇಲೆ, ಕರೆಂಟು ಹೋದರೆ ಇಡೀ ಸೊಲ್ಲಾಪುರದ ಮೇಲೆ ಬರುವ ಸಿಟ್ಟು. ಬಂದಾಗ ಕಿವಿಯೊಳಗೆ ಗುಂಯ್ ಅನ್ನುತ್ತದೆ, ಕೈ ತಾನಾಗಿಯೇ ಏನನ್ನೋ ಹುಡುಕುತ್ತದೆ. ಅದು ಬಂದ ಹಾಗೇ ಹೋಗಿಬಿಡುತ್ತದೆ. ಒಡೆದ ಬಟ್ಟಲಿನ ಚೂರು ಆರಿಸುವವಳು ಮಾತ್ರ ನಾನು.

ಮೈಂದರ್ಗಿಯ ತವರುಮನೆಯಲ್ಲಿ ಇದಕ್ಕೊಂದು ಕಾರಣ ಹುಡುಕಿಟ್ಟಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ದೊಡ್ಡಪ್ಪನ ಮಗ ನಾನು ಬರೆದ ಕಾಪಿಯ ಹಾಳೆ ಹರಿದು ದೋಣಿ ಮಾಡಿದ. ನಾನು ಅವನ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಹೊಲದಿಂದ ಬಂದವರೆಲ್ಲ ಪಡಸಾಲೆಯಲ್ಲಿ ನಿಂತು ಅವನ ಕೈ ನೋಡಿದರು, ಆಮೇಲೆ ನನ್ನ ಬಾಯಿ ನೋಡಿದರು. ನಮ್ಮವ್ವ ಅಂದಳು, "ಇದು ನನ್ನ ಮಗಳಲ್ಲ. ಇಕಿ ಹೊಟ್ಟ್ಯಾಗ ಒಂದು ರಾಕ್ಷಸಿ ಹೊಕ್ಕೊಂಡು ಕೂತದ." ಮರುವಾರ ಅಜ್ಜ ನನ್ನನ್ನು ಬಸ್ಸಿನಲ್ಲಿ ಅಕ್ಕಲಕೋಟೆಗೆ ಕರೆದುಕೊಂಡು ಹೋಗಿ, ಯಾರದೋ ಕೈಯಿಂದ ಕರಿ ದಾರ ಕಟ್ಟಿಸಿದ. ಸೆಕೆಗೆ ದಾರ ತುರಿಸಿತು. ಬರುವ ದಾರಿಯಲ್ಲಿ ಬಸ್ಸಿನಲ್ಲೇ ಅದನ್ನು ಹಲ್ಲಿನಿಂದ ಕಡಿದು ಕಿಟಕಿಯಿಂದ ಒಗೆದೆ. ಅಜ್ಜ ನೋಡಿಯೂ ಸುಮ್ಮನಿದ್ದ. ಅತ್ತಿಗೆಯೊಬ್ಬಳು ಮಾತ್ರ ಸಮಾಧಾನ ಹೇಳಿದಳು: "ಲಗ್ನ ಆಗಲಿ, ತಾನ ತಣ್ಣಗಾಗ್ತಾಳ."

ನಾನು ಅದನ್ನು ನಂಬಿದೆ. ನಗಬೇಡಿ, ಖರೇವೇ ನಂಬಿದೆ. ಉಳಿದ ಹುಡುಗಿಯರು ಮದುವೆಯಲ್ಲಿ ಸೀರೆಯನ್ನೋ ಗಂಡನನ್ನೋ ಕಾಯುತ್ತಿದ್ದರೆ, ನಾನು ಔಷಧವನ್ನು ಕಾಯುತ್ತಿದ್ದೆ. ಲಗ್ನವಾಯಿತು. ಸೊಲ್ಲಾಪುರದ ಕಾಳುಕಡಿ ವ್ಯಾಪಾರಿಗಳ ಮನೆಗೆ ಬಂದೆ. ಮೂರನೇ ದಿನ ಮೋರಿ ಕಟ್ಟಿಕೊಂಡು ನೀರು ನಿಂತಿತು, ಪೊರಕೆ ಮುರಿಯುವ ತನಕ ಮೋರಿಗೆ ಹೊಡೆದೆ. ನಿಂತ ನೀರಿನಲ್ಲಿ ಬರಿಗಾಲಲ್ಲಿ ನಿಂತು, ನನ್ನ ಜೊತೆ ಅದೂ ಸೊಲ್ಲಾಪುರಕ್ಕೆ ಬಂದಿದೆ ಎಂದು ತಿಳಿದುಕೊಂಡೆ.

ನನ್ನ ಗಂಡ ಇದಕ್ಕೆ ತದ್ವಿರುದ್ಧ. ಅವರ ಬಾಯಲ್ಲಿ ದಿನಕ್ಕೆ ಐವತ್ತು ಸಲ ಬರುವ ಮಾತು ಒಂದೇ, ಮರಾಠಿಯದು: "ಜಾವು ದೇ." ಹೋಗಲಿ ಬಿಡು. ಗಿರಾಕಿ ಬೈದರೆ ಜಾವು ದೇ, ತಮ್ಮ ಮೋಸ ಮಾಡಿದರೆ ಜಾವು ದೇ, ನಾನು ತಾಟು ಎಸೆದರೆ ತಾಟು ಎತ್ತಿ ತೊಳೆದಿಟ್ಟು ಜಾವು ದೇ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ನೆರೆಯವರು ಅನ್ನುತ್ತಾರೆ. ಅವರಿಗೇನು ಗೊತ್ತು. ಜಗಳಕ್ಕೆ ನಿಂತಾಗ ಎದುರಿಗೆ ಯಾರೂ ಇಲ್ಲದಿದ್ದರೆ ಎಂಥ ಸಂಕಟ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಈಗ ಆ ದಿನದ ಮಾತು. ಎರಡು ವರ್ಷದ ಹಿಂದಿನ ಬೇಸಿಗೆ, ಮಗಳಿಗೆ ಎಂಟು ತುಂಬಿತ್ತು. ಮರುದಿನ ಊರಿಂದ ನೆಂಟರು ಬರುವವರಿದ್ದರು, ನಾನು ಬೆಳಿಗ್ಗೆಯಿಂದ ಖಡಕ್ ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಮುಂದೆ ಐವತ್ತನೆಯದೋ ಅರವತ್ತನೆಯದೋ ರೊಟ್ಟಿ. ಮಗಳು ಅಡುಗೆಮನೆಯ ಬಾಗಿಲಿಗೆ ಜೋತುಬಿದ್ದು, ತನ್ನ ಬಣ್ಣದ ಪೆನ್ಸಿಲಿನ ಡಬ್ಬಿ ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಮತ್ತೆ ಕೇಳಿದಳು. ಏಳನೆಯ ಸಲ ಕೇಳಿದಾಗ ಕಿವಿಯೊಳಗೆ ಗುಂಯ್ ಅಂದಿತು, ಕೈಗೆ ಪಾತೇಲಿಯ ಸ್ಟೀಲ್ ಮುಚ್ಚಳ ಸಿಕ್ಕಿತು. ಅವಳಿಗೆ ಗುರಿಯಿಟ್ಟು ಎಸೆಯಲಿಲ್ಲ ಎಂದು ನಾನು ಸಾವಿರ ಸಲ ನನಗೆ ಹೇಳಿಕೊಂಡಿದ್ದೇನೆ. ಮುಚ್ಚಳ ಚೌಕಟ್ಟಿಗೆ ಬಡಿದು ತಿರುಗಿ ಅವಳ ಹುಬ್ಬಿಗೆ ತಾಗಿತು. ಮೂರು ಹೊಲಿಗೆ.

ಅತ್ತೆ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುತ್ತಿದ್ದರು, ಗಂಡ ಅಂಗಡಿಯಲ್ಲಿದ್ದರು. ನಾನು ಮಗಳ ಹಣೆಗೆ ಸೆರಗು ಒತ್ತಿ ಹಿಡಿದು ರಿಕ್ಷಾದಲ್ಲಿ ಕೂತೆ. ಮಾತಾಡಿದವಳು ಅವಳು. "ನಾ ಪಾವಟಿಗಿ ಮ್ಯಾಲಿಂದ ಬಿದ್ದೆ ಅಂತ ಹೇಳೂಣು, ಮಮ್ಮಿ," ಅಂದಳು. ಮೆಟ್ಟಿಲಿಂದ ಬಿದ್ದೆ ಅನ್ನೋಣ. ಎಂಟು ವರ್ಷದ ಹುಡುಗಿ, ರಕ್ತ ಕಣ್ಣಿಗೆ ಇಳಿಯುತ್ತಿತ್ತು, ನನ್ನನ್ನು ಕಾಪಾಡುವ ದಾರಿ ಹುಡುಕುತ್ತಿದ್ದಳು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಡಾಕ್ಟರು ಕೇಳಿದರು, ಅವಳು ಹೇಳಿದಳು, ನಾನು ಹೌದೆಂದು ತಲೆಯಾಡಿಸಿದೆ. ಮುಚ್ಚಳ ಎಸೆದದ್ದಕ್ಕಿಂತ ಆ ತಲೆಯಾಡಿಸಿದ್ದು ನನಗೆ ಇವತ್ತಿಗೂ ಹೆಚ್ಚು ನಾಚಿಕೆ ತರುತ್ತದೆ.

ಅಲ್ಲಿಂದ ಮುಂದೆ ಮಗಳು ಬಹಳ ಒಳ್ಳೆಯವಳಾದಳು. ಕೇಳಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಊಟದ ತಾಟು ತಾನೇ ಎತ್ತಿಡುತ್ತಿದ್ದಳು. ನಾನು ಖೋಲಿಗೆ ಬಂದರೆ ಮೊದಲು ನನ್ನ ಕೈ ನೋಡುತ್ತಿದ್ದಳು, ಆಮೇಲೆ ಮುಖ. "ಎಷ್ಟು ಶ್ಯಾಣ್ಯಾ ಆಗ್ಯಾಳ ನೋಡ್ರಿ," ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕು ಅನ್ನಿಸುತ್ತಿತ್ತು. ನನಗೆ ಹಠಮಾರಿ ಮಗಳೇ ಬೇಕಾಗಿತ್ತು, ಏಳು ಸಲ ಕೇಳುವವಳು.

ಯಾರಿಗಾದರೂ ಹೇಳದಿದ್ದರೆ ನಾನು ಬದುಕುವಂತಿರಲಿಲ್ಲ. ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೇ ಬರೆಯಲು ಕೂತೆ, ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಎಲ್ಲರೂ ಬೆಳಗಿನಿಂದ ಸಂಜೆವರೆಗೆ ಕನ್ನಡದಲ್ಲೇ ಮಾತಾಡುತ್ತೇವೆ, ಬೈಯುತ್ತೇವೆ, ಅಳುತ್ತೇವೆ. ಆದರೆ ಓದುವುದು ಮರಾಠಿ. ಅಂಗಡಿಯ ಲೆಕ್ಕ, ಲಗ್ನಪತ್ರಿಕೆ, ಲೈಟ್ ಬಿಲ್ಲು, ಮಗಳ ಶಾಳೆಯ ಚೀಟಿ, ಎಲ್ಲ ಮರಾಠಿ. ಗಂಡನಿಗೆ ಕನ್ನಡದ ಒಂದಕ್ಷರ ಬಾರದು, ಮಗಳಿಗೂ ಬಾರದು. ಅತ್ತೆ ಅಂತೂ ಅನಕ್ಷರಸ್ಥರು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು, ಪತ್ರಿಕೆ ಬಂದರೆ ಮೊಮ್ಮಗಳಿಂದ ಓದಿಸುತ್ತಿದ್ದರು. ಹೀಗಿರುವಾಗ ಮೈಂದರ್ಗಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ ನನ್ನ ಅಕ್ಷರಕ್ಕಿಂತ ಭದ್ರವಾದ ಬೀಗ ಯಾವುದಿದೆ? ಇನ್ನೂರು ಪುಟದ ಒಂದು ವಹಿ ತಂದು, ಬರೆದು, ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ರಾಜಾರೋಷವಾಗಿ ಇಡುತ್ತಿದ್ದೆ.

ನಡೆದದ್ದನ್ನು ನಡೆದ ಹಾಗೆ ಬರೆಯಲು ಕೈ ಬರಲಿಲ್ಲ. ದೆವ್ವದ ಕಥೆ ಮಾಡಿದೆ. ಅದೂ ಸುಲಭವಿರಲಿಲ್ಲ. ಹಿಂದುಮುಂದಾದ ಪಾದ, ಬಿಚ್ಚಿದ ಕೂದಲು, ಹುಣಸೆಮರ, ಇವೆಲ್ಲ ಬರೆದು ನೋಡಿ, ನನಗೇ ಆಕಳಿಕೆ ಬಂದು ಹರಿದು ಒಗೆದೆ. ಹುಣಸೆಮರಕ್ಕೆ ಹೋಗದಿದ್ದರೆ ಆ ದೆವ್ವ ಸಿಗುವುದಿಲ್ಲ. ನನ್ನದು ನಾನು ರೊಟ್ಟಿ ಬಡಿಯುವಾಗಲೂ ಜೊತೆಗಿರುವಂಥದು. ಕೊನೆಗೆ ಬಂದದ್ದು ಇಷ್ಟು: ಒಬ್ಬ ಹೆಂಗಸಿನ ಪಕ್ಕೆಲುಬಿನೊಳಗೆ ಒಂದು ದೆವ್ವ ವಾಸವಾಗಿದೆ. ಅವಳು ಒಂದು ಮಾತು ನುಂಗಿದರೆ ಅದಕ್ಕೆ ಒಂದು ಹಲ್ಲು ಮೂಡುತ್ತದೆ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಅದು ಒಳಗಿನಿಂದ ಉಗುರಿನಲ್ಲಿ ಕೆರೆದು, "ಇನ್ನ ಏನರ ಅದ ಏನು?" ಎಂದು ಕೇಳುತ್ತದೆ. ಒಂದು ದಿನ ಅವಳ ಸಣ್ಣ ಮಗಳು ಅವಳ ತಲೆ ಬಾಚುತ್ತಿರುವಾಗ, ಜಡೆಯ ಕೆಳಗೆ ಕುತ್ತಿಗೆಯಲ್ಲಿ ಒಂದು ಕಣ್ಣು ಕಾಣುತ್ತದೆ. ಕಣ್ಣು ಮಿಟುಕುತ್ತದೆ. ಹುಡುಗಿ ಚೀರುವುದಿಲ್ಲ. ಯಾರೂ ನೋಡದ ಹಾಗೆ ಕೂದಲನ್ನು ಅದರ ಮೇಲೆ ಎಳೆದು ಮುಚ್ಚಿ, ಜಡೆ ಹಾಕಿ, ರಿಬ್ಬನ್ ಕಟ್ಟುತ್ತಾಳೆ. ಆಮೇಲೆ ಒಂದು ದಿನ ಅದು ಹೊರಗೆ ಬಂದು ಮುಚ್ಚಳ ಎಸೆಯುತ್ತದೆ. ಕೊನೆಯ ಪುಟದಲ್ಲಿ ಹೆಂಗಸು ಅದನ್ನು ಮುಗಿಸಲೆಂದು ತಾನೇ ಬಾವಿಗೆ ಹಾರುತ್ತಾಳೆ.

ಬರೆದು ಮುಗಿಸಿದ ದಿನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಇದಕ್ಕೂ ಸಿಟ್ಟು ಬಂತು.

ಒಂದು ಶನಿವಾರ ಮಧ್ಯಾಹ್ನ ಹಿಟ್ಟಿನ ಗಿರಣಿಗೆ ಹೋದವಳು, ಕರೆಂಟು ಇಲ್ಲವೆಂದು ಜೋಳದ ಡಬ್ಬಿ ಹೊತ್ತುಕೊಂಡು ಬೈದುಕೊಳ್ಳುತ್ತ ಬೇಗ ತಿರುಗಿ ಬಂದೆ. ಅತ್ತೆಯ ಖೋಲಿಯಿಂದ ದನಿ ಕೇಳಿತು. ಒಂದೊಂದೇ ಅಕ್ಷರ ಕೂಡಿಸಿ, ನಡುನಡುವೆ ನಿಂತು, ಮತ್ತೆ ಹಿಂದಕ್ಕೆ ಹೋಗಿ, "ಹು... ಡು... ಗಿ ಚೀರು... ವುದಿಲ್ಲ." ನನ್ನ ವಾಕ್ಯ. ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು, ವಹಿಯನ್ನು ಬೆಳಕಿಗೆ ಹಿಡಿದು, ಸಾಲಿನ ಕೆಳಗೆ ಬೆರಳಾಡಿಸುತ್ತಿದ್ದರು. ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು.

ಮೊದಲು ಬಂದದ್ದು ನಾಚಿಕೆಯಲ್ಲ, ಭಯವೂ ಅಲ್ಲ. ಏನು ಬಂತೆಂದು ನಿಮಗೆ ಗೊತ್ತು. ಜೋಳದ ಡಬ್ಬಿ ಕೈಬಿಟ್ಟು ಒಳಗೆ ನುಗ್ಗಿ, "ನನ್ನ ವಹಿ ಮುಟ್ಟಂತ ಯಾರ ಹೇಳಿದ್ರು ನಿಮಗ?" ಎಂದು ಕಸಿದುಕೊಂಡೆ. ಮಗಳು ಎದ್ದು ಕೂತಳು. ಅವಳ ಎಡಗೈ ಹುಬ್ಬಿನ ಮೇಲೆ ಹೋಯಿತು, ಮುಚ್ಚಿಕೊಂಡಿತು. ಗಾಯ ಮಾಯ್ದು ಎರಡು ವರ್ಷವಾಗುತ್ತ ಬಂದಿತ್ತು. ನಾನು ವಹಿ ಹಿಡಿದು ನಿಂತೇ ಇದ್ದೆ. ಅತ್ತೆ ಮೊಮ್ಮಗಳಿಗೆ, "ಹೋಗು, ಜ್ವಾಳ ಚೆಲ್ಯಾವ, ಆರಸು," ಎಂದು ಕಳಿಸಿದರು.

"ನಿಮಗ ಓದಾಕ ಬರ್ತದೇನ್ರಿ?" ಎಂದು ಕೇಳಿದೆ. ಅಂಥ ಹೊತ್ತಿನಲ್ಲಿ ಇಂಥ ಪ್ರಶ್ನೆ ಯಾಕೆ ಬಂತೋ.

"ಭಂಡಾರಕವಠೆ ಸಾಲ್ಯಾಗ ಐದನೇತ್ತಾ ತನಕ ಕಲ್ತೀನಿ. ಕನ್ನಡ," ಅಂದರು. "ಈ ಮನಿಗೆ ಬಂದಾಗ ಮರಾಠಿ ಬರ್ತದೇನು ಅಂತ ಕೇಳಿದ್ರು. ಬರೂದಿಲ್ಲ ಅಂದೆ. ಅವತ್ತಿಂದ ಇಕಿಗಿ ಓದಾಕ ಬರೂದಿಲ್ಲ ಅಂತ ಆತು. ಕನ್ನಡ ಬರ್ತದೇನು ಅಂತ ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

ನಿಜ, ನಾನೂ ಕೇಳಿರಲಿಲ್ಲ. ಹದಿಮೂರು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೇವೆ. ಉಳಿದವರಿಗೆ ಬೇಡ, ಕನ್ನಡ ಶಾಲೆ ಕಲಿತ ನನಗಾದರೂ ಹೊಳೆಯಬೇಕಿತ್ತು. ನನ್ನ ಮೇಲೆ ನನಗೇ ಉರಿದುಹೋಯಿತು.

"ಹುಡುಗೀಗೆ ಯಾಕ ಓದಿ ತೋರಿಸಿದ್ರಿ? ಅಕಿಗಿ ಗೊತ್ತಾತಲ್ಲ."

"ಅಕಿಗಿ ಗೊತ್ತಿಲ್ಲದ್ದು ಏನದ ಇದರಾಗ?" ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನನಗೂ ಗೊತ್ತಿತ್ತು. ಅವತ್ತ ಮಾಳಿಗಿಯಿಂದ ಇಳದ ಬಂದೆ. ಪಾವಟಿಗಿ ಮ್ಯಾಲ ಒಂದು ಹನಿ ರಕ್ತ ಇದ್ದಿಲ್ಲ. ಅಡಗಿಮನ್ಯಾಗ ಇತ್ತು. ಒರಸಿದಾಕಿ ನಾನ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಎರಡು ವರ್ಷ ನಾನು ಕಾಪಾಡಿಕೊಂಡದ್ದು ಏನು ಹಾಗಾದರೆ? ಬೈಯಲಿ, ನನ್ನ ಮಗನ ಮನೆಗೆ ಎಂಥವಳು ಬಂದೆ ಅನ್ನಲಿ ಎಂದು ಕಾದೆ. ಬೈದರೆ ತಿರುಗಿ ಬೈಯುವ ತಯಾರಿಯೂ ಇತ್ತು, ಸುಳ್ಳೇಕೆ.

ಅತ್ತೆ ಬೇರೆಯದೇ ಕೇಳಿದರು. "ನಿನ್ನ ಗಂಡನ ಬೆನ್ನ ಮ್ಯಾಲ ಸುಟ್ಟ ಕಲಿ ಅದಲ್ಲ, ಏನಂತ ಹೇಳ್ಯಾನ ನಿನಗ?"

"ಸಣ್ಣವರಿದ್ದಾಗ ದೀವಳಗಿ ಪಟಾಕಿ ಸಿಡೀತಂತ."

"ಪಟಾಕಿ ಅಲ್ಲ. ರೊಟ್ಟಿ ಹಿಡಿಯೂ ಕಾದ ಚಿಮಟಾ. ನಾ ಇಟ್ಟದ್ದು." ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಆರು ವರ್ಷದಾಂವ ಇದ್ದ. ಯಾಕ ಸಿಟ್ಟ ಬಂದಿತ್ತು ಅನ್ನೂದು ಸುದ್ದಾ ನೆನಪಿಲ್ಲ ನನಗ. ಪಟಾಕಿ ಅಂತ ಹೇಳಪಾ ಅಂತ ನಾನ ಕಲಿಸಿದೆ. ಇವತ್ತಿನ ತನಕಾ ಪಟಾಕಿ ಅಂತಾನ. ಹೆಂತಿ ಮುಂದ ಸುದ್ದಾ ಪಟಾಕಿ. ಎಲ್ಲಾದಕ್ಕೂ ಜಾವು ದೇ, ಜಾವು ದೇ ಅಂತಾನಂತ ನೀ ಬೈತಿ. ಅಂವಾ ಹುಟ್ಟಾ ಹಂಗ ಇದ್ದಿಲ್ಲ ಯವ್ವಾ. ಹಟಮಾರಿ ಇದ್ದ. ನಾ ಹಂಗ ಮಾಡೀನಿ."

ಹದಿಮೂರು ವರ್ಷದಿಂದ ಗಂಡನ ಶಾಂತ ಸ್ವಭಾವಕ್ಕೆ ಹಲ್ಲು ಕಡಿಯುತ್ತ ಬಂದಿದ್ದೇನೆ. ಆ ಶಾಂತಿಯೊಳಗೆ ಒಬ್ಬ ಆರು ವರ್ಷದ ಹುಡುಗ ಕೂತಿದ್ದಾನೆಂದು ಯಾರೂ ಹೇಳಲಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ನನ್ನ ಮಗಳೂ ಯಾರದೋ ಮನೆಯಲ್ಲಿ, ಯಾರೋ ಹುಬ್ಬಿನ ಗೆರೆ ನೋಡಿ ಕೇಳಿದರೆ, ಮೆಟ್ಟಿಲು ಅನ್ನುತ್ತಾಳೆ. ಯಾರು ಏನು ಮಾಡಿದರೂ ಹೋಗಲಿ ಬಿಡು ಅನ್ನುತ್ತಾಳೆ.

"ಆ ಹುಡುಗಿ ಕೂದಲಾ ಎಳದ ಮುಚ್ಚತಾಳಲ್ಲ, ಅದನ್ನ ಓದಿ ನಾ ಅತ್ತೀನಿ," ಅಂದರು ಅತ್ತೆ. "ಆದ್ರ ಕಡೀ ಹಾಳಿ ನನಗ ಬಿಲ್ಕುಲ್ ಪಸಂದ ಆಗಿಲ್ಲ. ಅದನ್ನ ಅಕಿಗಿ ಓದೂದಿಲ್ಲ."

"ಯಾಕ್ರಿ?"

"ಅಕಿನ್ನ ಬಾವ್ಯಾಗ ಯಾಕ ಹಾಕಿದಿ? ಹುಡುಗೀ ತಲಿ ನಾಳಿ ಯಾರ ಬಾಚಬೇಕು? ಬಾವ್ಯಾಗ ಬೀಳೂದು ಏನು ದೊಡ್ಡ ಮಾತು, ಒಂದು ಸಲದ ಕೆಲಸ. ಮರುದಿನಾ ಎದ್ದು, ಅದನ್ನ ಹೊಟ್ಟ್ಯಾಗ ಇಟಗೊಂಡ, ಹುಡುಗೀ ಮಾರಿ ನೋಡೂದದಲ್ಲ, ಅದನ್ನ ಬರಿ ನೋಡೂಣು. ನನಗ ಆಗಲಿಲ್ಲ. ನಾ ನೋಡಲೇ ಇಲ್ಲ ಅವನ ಮಾರಿ."

ಸಿಟ್ಟು ಬಂದಿತು. ನಾನು ಬರೆದ ಕಥೆಗೆ ಇವರ ಅಪ್ಪಣೆ ಬೇರೆ. ಆದರೆ ರಾಕ್ಷಸಿ ಹೊಕ್ಕಿದ್ದಾಳೆ, ದಾರ ಕಟ್ಟಿಸಿರಿ, ಲಗ್ನ ಮಾಡಿರಿ ಅನ್ನದೆ, ಅದನ್ನು ಇಟ್ಟುಕೊಂಡೇ ಬದುಕು ಎಂದು ನನಗೆ ಹೇಳಿದವರು ಅವರೊಬ್ಬರೇ. ಅವರ ಕಾಲ ಬಳಿ ಕೂತು ಬಹಳ ಹೊತ್ತು ಅತ್ತುಬಿಟ್ಟೆ. ಅವರು ನನ್ನ ತಲೆ ಸವರಲಿಲ್ಲ, ಅಂಥ ಸ್ವಭಾವ ಅವರದಲ್ಲ. ಕನ್ನಡಕ ಹಾಕಿಕೊಂಡು ಕೂತೇ ಇದ್ದರು.

ಮರುದಿನ ರವಿವಾರ. ಅಂಗಡಿಗೆ ರಜೆ, ನಾಲ್ಕೂ ಜನ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತಿದ್ದೆವು. ನಾನು ಗಂಡನಿಗೆ ಅಂದೆ, "ಇಕಿ ಪಾವಟಿಗಿ ಮ್ಯಾಲಿಂದ ಬಿದ್ದಿಲ್ರಿ. ನಾ ಮುಚ್ಚಳ ಒಗದೀನಿ. ಅದು ಬಡದದ್ದು."

ಅವರು ಮುರಿದ ರೊಟ್ಟಿ ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಬಾಯಿ ಅಭ್ಯಾಸದಂತೆ ತೆರೆಯಿತು. "ಜಾವು..."

"ಅನಬ್ಯಾಡ," ಅಂದರು ಅತ್ತೆ. "ಇವತ್ತೊಂದಿನ ಅನಬ್ಯಾಡ."

ಮಗಳು ತುತ್ತು ಕೆಳಗಿಟ್ಟಳು. "ಇಲ್ಲ ಪಪ್ಪಾ, ನಾ ಬಿದ್ದೆ. ಮಮ್ಮಿ ಏನೂ ಮಾಡಿಲ್ಲ. ನಾನ ಬಿದ್ದೆ."

"ನೀ ಬಿದ್ದಿಲ್ಲ," ಅಂದೆ.

"ಬಿದ್ದೆ."

"ಇಲ್ಲವ್ವಾ. ನೀ ಪೆನ್ಸಿಲ್ ಡಬ್ಬಿ ಕೇಳಿದಿ, ಅಷ್ಟ. ನಿಂದೇನೂ ತಪ್ಪಿಲ್ಲ. ನಾ ಒಗದೆ. ಒಗೀಬಾರದಿತ್ತು. ಆಮ್ಯಾಲ ನೀ ಸುಳ್ಳು ಹೇಳಿದಾಗ ನಾ ಸುಮ್ಮ ಕೂತೆ, ಅದೂ ನನ್ನ ತಪ್ಪ."

ಅವಳು ಅಪ್ಪನ ಕಡೆ ನೋಡಿದಳು, ತಾನು ಆಯಿ ಎಂದು ಕರೆಯುವ ಅಜ್ಜಿಯ ಕಡೆ ನೋಡಿದಳು. ಏನೂ ಬೀಳಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಅವಳಪ್ಪ ತಟ್ಟೆಯಲ್ಲಿ ಕಣ್ಣಿಟ್ಟು, "ಖರೇ ಹೇಳು, ಬೇಟಾ. ಏನೂ ಆಗೂದಿಲ್ಲ," ಅಂದರು. ಆ ಮಾತನ್ನು ಅವರು ಯಾರಿಗೆ ಹೇಳಿದರೋ, ನಾನು ಕೇಳಲು ಹೋಗಲಿಲ್ಲ.

"ಹಂಗಂದ್ರ," ಮಗಳು ನಿಧಾನವಾಗಿ ಕೇಳಿದಳು, "ಇನ್ನ ಮ್ಯಾಲ ನಾ ಸುಳ್ಳು ಹೇಳೂದು ಬ್ಯಾಡೇನು?"

"ಬ್ಯಾಡ."

"ಶಾಳ್ಯಾಗ ಕೇಳಿದ್ರ?"

"ಖರೇದ ಹೇಳು."

"ಎಲ್ಲಾರೂ ನಿನಗ ಬೈತಾರ."

"ಬೈಲಿ."

ಆಗ ಅತ್ತಳು. ಹೊಲಿಗೆ ಹಾಕುವಾಗ ಅಳದವಳು, ಎರಡು ವರ್ಷ ಅಳದವಳು, ಬಾಯಿ ತೆರೆದು ಸಣ್ಣ ಕೂಸಿನಂತೆ ಅತ್ತಳು. ಓಡಿ ಬಂದು ನನ್ನ ಕುತ್ತಿಗೆಗೇನೂ ಬೀಳಲಿಲ್ಲ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ತನ್ನ ಜಾಗದಲ್ಲೇ ಕೂತು ನನಗೆ ಷರತ್ತು ಹಾಕಿದಳು. "ನಿನಗ ಸಿಟ್ಟ ಬಂತಂದ್ರ ನಾ ಆಯಿ ಖೋಲ್ಯಾಗ ಹೋಗಿ ಕೂಡ್ತೀನಿ. ಸಿಟ್ಟ ಹೋದ ಮ್ಯಾಲ ನೀ ಕರಿ. ಬರ್ತೀನಿ."

ಸಿಟ್ಟು ಹೋಗಿಲ್ಲ. ಹೋಗುವುದೂ ಇಲ್ಲ, ಆ ಆಸೆ ಬಿಟ್ಟಿದ್ದೇನೆ. ಈಗ ಕಿವಿಯೊಳಗೆ ಗುಂಯ್ ಅಂದಕೂಡಲೇ ಎರಡೂ ಕೈ ಹಿಟ್ಟಿನ ಪರಾತದೊಳಗೆ ಒತ್ತಿ ಹಿಡಿದು, "ಹೋಗು, ಆಯಿ ಕಡೆ ಹೋಗು," ಎಂದು ಕೂಗುತ್ತೇನೆ. ಅವಳು ಹೋಗುತ್ತಾಳೆ. ಆ ರವಿವಾರದಿಂದ ಇವತ್ತಿನವರೆಗೆ ಹನ್ನೊಂದು ಸಲ ಹೋಗಿದ್ದಾಳೆ. ಹತ್ತು ಸಲ ನಾನು ಕರೆದಾಗ ಬಂದಳು. ಹನ್ನೊಂದನೆಯ ಸಲ ಕರೆದೆ, ಬರಲಿಲ್ಲ. ಮತ್ತೆ ಕರೆಯಲಿಲ್ಲ. ಕೈ ತೊಳೆದುಕೊಂಡು ನಾನೇ ಹೋಗಿ, ಆ ಖೋಲಿಯ ಬಾಗಿಲ ಹೊರಗೆ ನೆಲದ ಮೇಲೆ ಕೂತೆ.